ಪೆನ್ಸಿಲಿನ ನೀಲಿ ತುದಿ

1989ರ ಬೇಸಿಗೆಯ ಮಾತು. ಜೇವರ್ಗಿಯ ಸರ್ಕಾರಿ ಆರೋಗ್ಯ ಕಚೇರಿಯಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುವ ಗುಮಾಸ್ತೆಯಾಗಿ ಸೇರಿ ನನಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಆಳಂದದ ಹುಡುಗಿ ಮದುವೆಗೆ ಮುಂಚೆ ಜೇವರ್ಗಿಯಲ್ಲಿ ರೂಮು ಮಾಡಿಕೊಂಡು ನೌಕರಿ ಮಾಡುತ್ತಾಳೆ ಎಂಬುದೇ ನಮ್ಮ ಬೀಗರ ಬಳಗದಲ್ಲಿ ದೊಡ್ಡ ಸುದ್ದಿಯಾಗಿದ್ದ ಕಾಲ. ಅಪ್ಪ ಒಪ್ಪಿದ್ದು ಒಂದೇ ಕಾರಣಕ್ಕೆ. ನನ್ನ ಅಕ್ಕನನ್ನು ಅಲ್ಲೇ ಹತ್ತಿರದ ಇಜೇರಿಗೆ ಕೊಟ್ಟಿದ್ದರು. ಭಾನುವಾರ ಬಂತೆಂದರೆ ನಾನು ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದು ಬರುತ್ತಿದ್ದೆ.

ನನ್ನ ನಾಲಿಗೆ ಸ್ವಲ್ಪ ಹರಿತ ಎಂದು ಮನೆಯಲ್ಲಿ ಎಲ್ಲರ ದೂರು. ಕಣ್ಣೂ ಹರಿತವೇ ಎಂಬುದು ಆ ವರ್ಷ ಗೊತ್ತಾಯಿತು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬಪಡಲು ನನ್ನ ಬಳಿ ಇರುವ ಸಂಗತಿಗಳು ಕಡಿಮೆ, ಆದ್ದರಿಂದ ಓದುವವರು ಸಹಿಸಿಕೊಳ್ಳಬೇಕು.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಕ್ಕಳಿಗೆ ಹಾಕುವ ಲಸಿಕೆಯ ಔಷಧವನ್ನು ಫ್ರಿಜ್ಜಿನಲ್ಲಿ ಎರಡರಿಂದ ಎಂಟು ಡಿಗ್ರಿಯ ನಡುವೆ ಇಡಬೇಕೆಂಬುದು ನಿಯಮ. ಫ್ರಿಜ್ಜು ಇದ್ದ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲೂ ಅದರೊಳಗೆ ಒಂದು ಥರ್ಮಾಮೀಟರು ತೂಗುತ್ತಿತ್ತು. ಅಲ್ಲಿಯ ಸಿಬ್ಬಂದಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಅಂಕಿ ಬರೆದಿಡಬೇಕು. ತಿಂಗಳ ಕೊನೆಗೆ ಆ ಚೀಟಿಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ನಾನು ಅವನ್ನು ದೊಡ್ಡ ಹಾಳೆಯ ಮೇಲೆ ಗೆರೆ ಹಾಕಿ, ಕೇಂದ್ರಕ್ಕೊಂದು ಕಾಲಮ್ಮು, ದಿನಕ್ಕೊಂದು ಸಾಲು ಮಾಡಿ ಇಳಿಸುತ್ತಿದ್ದೆ. ಕಚೇರಿಯ ಮಾತಿನಲ್ಲಿ ಅದಕ್ಕೆ ತಖ್ತೆ ಎಂದು ಹೆಸರು. ಹಾಳೆ ತುಂಬ ಸಾಲಿಟ್ಟ ಇರುವೆಯಂಥ ಅಂಕಿಗಳು. ಯಾರೂ ಓದುತ್ತಿರಲಿಲ್ಲ. ಸಹಿಯಾಗಿ ಫೈಲಿನಲ್ಲಿ ಮಲಗುತ್ತಿತ್ತು.

ಆ ವರ್ಷ ಹೊಸ ಡಾಕ್ಟರ್ ಸಾಹೇಬರು ಬಂದರು. ಮೂಗಿನ ತುದಿಯಲ್ಲಿ ಸಿಟ್ಟು, ಆದರೆ ಕೆಲಸದ ಮನುಷ್ಯ. ಮೊದಲ ತಿಂಗಳೇ ತಖ್ತೆಯನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು.

“ಬಾಯಾರ, ಇಷ್ಟೆಲ್ಲಾ ಅಂಕಿ ನಾ ಹ್ಯಾಂಗ ಓದ್ಲಿ? ಎಲ್ಲಿ ಗಡಬಡ ಅದ, ಅಷ್ಟ ಕಣ್ಣಿಗಿ ಬೀಳೂಹಂಗ ಮಾಡ್ರಿ” ಎಂದರು.

ಸರ್ಕಾರಿ ಕಚೇರಿಗಳಲ್ಲಿ ಆಗ ಒಂದು ಪೆನ್ಸಿಲು ಕೊಡುತ್ತಿದ್ದರು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ನಾನು ಅದರ ಕೆಂಪು ತುದಿ ಕೆತ್ತಿಕೊಂಡು, ಅಂಕಿ ಎಂಟು ದಾಟಿದ ಚೌಕಗಳಿಗೆಲ್ಲ ಬಣ್ಣ ತುಂಬಿದೆ. ಈಗ ಕಂಪ್ಯೂಟರಿಗೆ ಇಂತಿಷ್ಟು ದಾಟಿದರೆ ಇಂಥ ಬಣ್ಣ ಎಂದು ಒಮ್ಮೆ ಹೇಳಿಬಿಟ್ಟರೆ ಸಾಕಂತೆ, ತಾನೇ ಹಚ್ಚಿಕೊಳ್ಳುತ್ತದೆ. ಆ ಕಾಲಕ್ಕೆ ನಮ್ಮ ಕಚೇರಿಯ ಕಂಪ್ಯೂಟರು ನಾನೇ. ಬೆರಳ ತುದಿ ಕೆಂಪಾಗಿ, ಊಟಕ್ಕೆ ಕೂತಾಗ ರೊಟ್ಟಿಗೂ ಹತ್ತುತ್ತಿತ್ತು.

ಸಾಹೇಬರಿಗೆ ಅದು ಬಹಳ ಹಿಡಿಸಿತು. ತಖ್ತೆಯನ್ನು ಮೀಟಿಂಗ್ ಕೋಣೆಯ ಗೋಡೆಗೆ ಹೊಡೆಸಿದರು. ಒಳಗೆ ಕಾಲಿಟ್ಟವರಿಗೆ ಯಾವ ಕೇಂದ್ರದಲ್ಲಿ ಕುಂಕುಮ ಚೆಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಕೆಂಪು ಇದ್ದವರಿಗೆ ಎಲ್ಲರೆದುರು ಬೈಗುಳ. ಕೆಂಪಿಗೆ ಜನ ಎಷ್ಟು ಅಂಜಿದರೆಂದರೆ, ಒಂದು ಕೇಂದ್ರದವರು ಹಸಿ ಕಡಲೆಯ ಗಿಡದ ಸಿವುಡು ತಂದು ನನ್ನ ಮೇಜಿನ ಮೇಲಿಟ್ಟು, “ಬಾಯಾರ, ನಮ್ಮ ಈ ಎರಡು ಚೌಕ ಬಿಳಿ ಬಿಡ್ರಲ್ಲ” ಎಂದು ಕೇಳಿಕೊಂಡರು. ಕಡಲೆ ತಿಂದೆ, ಬಣ್ಣವನ್ನೂ ಹಚ್ಚಿದೆ.

ಒಂದು ಕೇಂದ್ರದ ಕಾಲಮ್ಮಿನಲ್ಲಿ ಮಾತ್ರ ಎಂದೂ ಕೆಂಪು ಬರುತ್ತಿರಲಿಲ್ಲ. ಕೇಂದ್ರದ ಹೆಸರು ಬೇಡ. ಅಲ್ಲಿಯ ಫ್ರಿಜ್ಜು ನೋಡಿಕೊಳ್ಳುತ್ತಿದ್ದವರು ಖಾಜಾಸಾಬ್ ಎಂಬ ಹಿರಿಯ ಅಟೆಂಡರು. ಆ ಬಿಸಿಲಿನಲ್ಲಿ, ಕರೆಂಟು ಬಂದದ್ದೇ ಸುದ್ದಿಯಾಗುವ ಊರಿನಲ್ಲಿ, ಅವರ ಕಾಲಮ್ಮು ಒಗೆದ ಧೋತರದ ಹಾಗೆ ಬೆಳ್ಳಗಿರುತ್ತಿತ್ತು. ಸಾಹೇಬರು ಪ್ರತಿ ಮೀಟಿಂಗಿನಲ್ಲೂ ಅವರನ್ನು ನಿಲ್ಲಿಸಿ ಶಾಭಾಸ್ ಎನ್ನುತ್ತಿದ್ದರು. ಕಲಬುರಗಿಯ ಜಿಲ್ಲಾ ಮೀಟಿಂಗಿನಲ್ಲಿ ಒಳ್ಳೆಯ ಕೆಲಸಕ್ಕೆ ಬಹುಮಾನವಾಗಿ ಕೊಡುವ ಢಾಲು ಈ ಸಲ ನಮಗೇ ಎಂದು ಮಾತಾಗಿತ್ತು. ಖಾಜಾಸಾಬರು ಆ ದಿನಕ್ಕೆಂದು ಹೊಸ ಅಂಗಿ ಹೊಲಿಯಲು ಹಾಕಿದ್ದರು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಕಚೇರಿಗೆ ಬೇಗ ಬಂದು ಮಾರ್ಚ್ ತಿಂಗಳ ತಖ್ತೆ ಮಾಡುತ್ತ ಕುಳಿತಿದ್ದೆ. ಖಾಜಾಸಾಬರ ಕಾಲಮ್ಮಿನಲ್ಲಿ ನನ್ನ ಪೆನ್ಸಿಲಿಗೆ ಕೆಲಸವಿಲ್ಲವಲ್ಲ, ಅಂಕಿ ಇಳಿಸಿಕೊಂಡು ಹೋಗುವುದಷ್ಟೆ. ಒಂದು ಕಡೆ ಮೂರು ಎಂಬ ಅಂಕಿಯ ಹಿಂದೆ ಸಣ್ಣ ಗೀಟು ಕಂಡಿತು. ಪೆನ್ನು ಜಾರಿರಬೇಕು ಅಂದುಕೊಂಡೆ. ಕೆಳಗಿನ ಸಾಲಿನಲ್ಲೂ ಗೀಟು. ಹಿಂದಿನ ತಿಂಗಳ ಚೀಟಿ ತೆಗೆದು ನೋಡಿದೆ, ಅದರಲ್ಲೂ ಇದ್ದವು; ಅರ್ಥ ನೋಡದೆ ನಾನೇ ಅವನ್ನು ತಖ್ತೆಗೆ ಇಳಿಸಿದ್ದೆ. ಸಂಜೆಯ ಅಂಕಿಗಳು ನಾಲ್ಕು, ಐದು ಎಂದು ಸರಿಯಾಗೇ ಇದ್ದವು. ಬೆಳಗಿನವು ಮಾತ್ರ ಮೈನಸ್ಸು, ಸೊನ್ನೆಗಿಂತ ಕೆಳಗೆ.

ಎಂಟು ದಾಟಿಲ್ಲ, ಆದ್ದರಿಂದ ಕೆಂಪು ಹಚ್ಚುವ ಹಾಗಿಲ್ಲ. ಆದರೆ ನಿಯಮದಲ್ಲಿ ಎಂಟೊಂದೇ ಇಲ್ಲ, ಎರಡೂ ಇದೆ. ತಂಪು ಎಷ್ಟಿದ್ದರೂ ಒಳ್ಳೆಯದೇ ಆಗಿದ್ದರೆ ಬರೆದವರು ಆ ಎರಡನ್ನು ಯಾಕೆ ಬರೆದರು? ಸುಮ್ಮನೆ ಎಂಟರ ಒಳಗೆ ಎನ್ನಬಹುದಿತ್ತಲ್ಲ. ಮೇಲಿನ ಬಾಗಿಲಿಗೆ ನಾವು ಕಾವಲು ಹಾಕಿದ್ದೆವು, ಕೆಳಗಿನ ಬಾಗಿಲು ತೆರೆದೇ ಇತ್ತು. ತಖ್ತೆ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಆಗಷ್ಟೇ ಬಂದು ಚಹಾ ಕುಡಿಯುತ್ತಿದ್ದರು.

“ಸಾಹೇಬ್ರ, ಎಂಟರ ಮ್ಯಾಲ ಹೋದ್ರ ಕೆಂಪ ಹಚ್ಚತೇನಿ. ಎರಡರ ಕೆಳಗ ಹೋದ್ರ ಏನ್ ಹಚ್ಚಲಿ?” ಎಂದು ಕೇಳಿದೆ.

“ಕೆಳಗ ಹೋದ್ರ ಹೋಗ್ಲಿ ಬಿಡ್ರಿ. ಈ ಬಿಸಲಾಗ ಥಂಡಿ ಇರೋದ ದೊಡ್ಡದು” ಎನ್ನುತ್ತಲೇ ಕೈಚಾಚಿ ಹಾಳೆ ತೆಗೆದುಕೊಂಡರು. ಬೆರಳು ಕಾಲಮ್ಮಿನ ಮೇಲೆ ಇಳಿಯುತ್ತಾ ಹೋಗಿ ಗೀಟಿನ ಬಳಿ ನಿಂತಿತು. ಕಪ್ಪು ಕೆಳಗಿಟ್ಟರು. “ಇದು ಹ್ಯಾಂಗ? ಸೊನ್ನಿಕಿಂತ ಕೆಳಗ ಅದಲ್ಲ ಇದು.”

“ಹೌದ್ರಿ. ದಿನಾ ಮುಂಜಾನಿ ಹಂಗೇ ಅದ.”

ಅವರು ಹಾಳೆಯನ್ನು ಮೇಜಿನ ಮೇಲೆ ಹಾಸಿದರು. ಆಮೇಲೆ ನನಗೆ ತಿಳಿಸಿ ಹೇಳಿದರು. ಪೋಲಿಯೋ ಹನಿಗೆ ಹೆಪ್ಪುಗಟ್ಟಿದರೂ ಏನೂ ಆಗುವುದಿಲ್ಲ. ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆಂದು ಕೂಸುಗಳಿಗೆ ಕೊಡುವ ಇಂಜೆಕ್ಷನ್ನು ಹಾಗಲ್ಲ. ಒಮ್ಮೆ ಹೆಪ್ಪುಗಟ್ಟಿತೆಂದರೆ ಅದರ ಶಕ್ತಿ ಹೋಯಿತು. ಕರಗಿದ ಮೇಲೆ ನೋಡಲು ಔಷಧದ ಹಾಗೇ ಇರುತ್ತದೆ, ಕೆಲಸ ಮಾಡುವುದಿಲ್ಲ.

“ನನಗ ಇದು ಗೊತ್ತಿತ್ತು ಬಾಯಾರ. ಓದೀನಿ, ಪರೀಕ್ಷಾದಾಗೂ ಬರದೀನಿ. ಇಷ್ಟು ದಿವಸದಿಂದ ಗ್ವಾಡಿ ಮ್ಯಾಲ ತೂಗಾಡ್ತದ, ಕಾಣ್ಲಿಲ್ಲ ನೋಡ್ರಿ” ಎಂದರು.

ಅವರಿಗೆ ಹೇಗೆ ಕಂಡೀತು? ಕೆಂಪಿದ್ದಲ್ಲಿ ಮಾತ್ರ ನೋಡುವುದಕ್ಕೆ ಎಲ್ಲರ ಕಣ್ಣಿಗೂ ರೂಢಿಯಾಗಿತ್ತು. ಬಿಳಿ ಎಂದರೆ ಎಲ್ಲ ಸರಿ ಎಂದು ನಮ್ಮ ನಂಬಿಕೆ. ನಾನು ಅಲ್ಲೇ ಅವರ ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡು ಪೆನ್ಸಿಲಿನ ನೀಲಿ ತುದಿಯನ್ನು ಕೆತ್ತಿದೆ. ಅಷ್ಟು ದಿನವಾದರೂ ಅದನ್ನು ಒಮ್ಮೆಯೂ ಕೆತ್ತಿರಲಿಲ್ಲ. ಎರಡರ ಕೆಳಗಿನ ಚೌಕಗಳಿಗೆಲ್ಲ ನೀಲಿ ತುಂಬುತ್ತ ಹೋದೆ. ಇಡೀ ತಾಲೂಕಿನಲ್ಲೇ ಚೆಂದದ್ದು ಎನಿಸಿಕೊಂಡಿದ್ದ ಕಾಲಮ್ಮು ಮೇಲಿನಿಂದ ಕೆಳಗಿನವರೆಗೆ ನೀಲಿಯಾಯಿತು.

ಬಣ್ಣ ಹಚ್ಚಿ ಮುಗಿಯುವ ಹೊತ್ತಿಗೆ ನನಗೆ ಇನ್ನೊಂದು ನೆನಪಾಯಿತು. ಅವತ್ತು ಇಜೇರಿಯಲ್ಲಿ ಲಸಿಕೆ ಹಾಕುವ ದಿನ. ಔಷಧ ಹೋಗುವುದು ಖಾಜಾಸಾಬರ ಫ್ರಿಜ್ಜಿನಿಂದಲೇ. ಅಕ್ಕನ ಮಗಳಿಗೆ ಹಿಂದಿನ ತಿಂಗಳು ಮೊದಲ ಇಂಜೆಕ್ಷನ್ನು ಆಗಿತ್ತು, ಅವತ್ತು ಎರಡನೆಯದು. ಆ ಓಣಿಯ ಹೆಣ್ಣುಮಕ್ಕಳು ಮೊದಮೊದಲು ಕೂಸಿಗೆ ಸೂಜಿ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತನ್ನ ತಂಗಿ ದವಾಖಾನೆಯಲ್ಲೇ ಇದ್ದಾಳೆ, ಅವಳು ಹೇಳಿದ ಮೇಲೆ ಅಂಜಬೇಕಿಲ್ಲ ಎಂದು ಅಕ್ಕ ಮನೆಮನೆಗೆ ಹೋಗಿ ಅವರನ್ನು ಒಪ್ಪಿಸಿದ್ದಳು.

ಸಾಹೇಬರಿಗೆ ಇದನ್ನು ಹೇಳಿದೆ. ಅವರು ಎದ್ದೇಬಿಟ್ಟರು. ನಮ್ಮ ಕಚೇರಿಯ ಫ್ರಿಜ್ಜಿನ ಚೀಟಿಯನ್ನು ತಾವೇ ನೋಡಿ, ಅದು ಎರಡರ ಕೆಳಗೆ ಎಂದೂ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದರಿಂದ ಔಷಧದ ಬಾಟಲಿಗಳನ್ನು ತೆಗೆಸಿ ಮಂಜುಗಡ್ಡೆಯ ಡಬ್ಬಿಯಲ್ಲಿ ಇಡಿಸಿದರು. “ನೀವೂ ಜೀಪ್ ಹತ್ರಿ, ನಿಮ್ಮನ್ನ ಅಲ್ಲಿ ಜನಾ ಗುರುತ ಹಿಡೀತಾರ” ಎಂದರು.

ಜೀಪಿನಲ್ಲಿ ಕುಳಿತ ಮೇಲೆ ನನಗೆ ನಿಜವಾದ ಅಂಜಿಕೆ ಶುರುವಾಯಿತು. ಅವತ್ತಿನ ಔಷಧ ಬದಲಿಸಿದರೆ ಮುಗಿಯಲಿಲ್ಲ, ಹಿಂದೆ ಹಾಕಿದ್ದು ವ್ಯರ್ಥವಾಗಿರಬಹುದು, ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಿ ಎಂದು ಆ ತಾಯಂದಿರಿಗೆ ಹೇಳಬೇಕು. ಹೇಳದೆ ಬಿಟ್ಟರೆ ಆ ಕೂಸುಗಳಿಗೆ ರಕ್ಷಣೆಯಿಲ್ಲ. ಹೇಳಿದರೆ ಅವರು ಇನ್ನೆಂದೂ ನಮ್ಮನ್ನು ನಂಬದೆ ಹೋಗಬಹುದು, ಆಗಲೂ ಕೂಸುಗಳಿಗೆ ರಕ್ಷಣೆಯಿಲ್ಲ. ನಾನೇನೋ ಸಂಜೆ ಬಸ್ಸು ಹತ್ತಿ ಜೇವರ್ಗಿಗೆ ಬರುತ್ತೇನೆ. ಅಕ್ಕ ಅದೇ ಓಣಿಯಲ್ಲಿ ಬದುಕಬೇಕು.

ಇಜೇರಿ ತಲುಪಿದಾಗ ಶಾಲೆಯ ಮುಂದಿನ ಬೇವಿನ ನೆರಳಲ್ಲಿ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕೂತಿದ್ದರು. ನರ್ಸು ರತ್ನಾಬಾಯಿ ಮೊದಲು ಪೋಲಿಯೋ ಹನಿ ಹಾಕುತ್ತಿದ್ದರು, ಇಂಜೆಕ್ಷನ್ನು ಇನ್ನೂ ಶುರುವಾಗಿರಲಿಲ್ಲ. ನನಗೆ ಜೀವ ಬಂದಂತಾಯಿತು. ಔಷಧದ ಪೆಟ್ಟಿಗೆಯನ್ನು ಸೈಕಲ್ಲಿನ ಮೇಲೆ ತಂದಿದ್ದ ಖಾಜಾಸಾಬರೂ ಅಲ್ಲೇ ನಿಂತಿದ್ದರು. ಸಾಹೇಬರು ಅವರಿಬ್ಬರನ್ನೂ ಪಕ್ಕಕ್ಕೆ ಕರೆದು ಸಂಗತಿ ಹೇಳಿ, ನೇರವಾಗಿ ಹೆಂಗಸರ ಮುಂದೆ ಬಂದು ನಿಂತರು. ಸುತ್ತಿಬಳಸದೆ, ಈ ಕೇಂದ್ರದ ಔಷಧ ಥಂಡಿ ಹೆಚ್ಚಾಗಿ ಕೆಟ್ಟಿದೆ, ಹಿಂದೆ ಹಾಕಿದ್ದನ್ನು ಮತ್ತೆ ಹಾಕಬೇಕಾಗುತ್ತದೆ ಎಂದುಬಿಟ್ಟರು.

ಗುಲ್ಲೆದ್ದಿತು. ಅಕ್ಕನ ಅತ್ತೆ ಬಸಮ್ಮ ಗಟ್ಟಿ ಹೆಂಗಸು, ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಎದ್ದು ನಿಂತರು.

“ಹೋದ ತಿಂಗಳ ಸೂಜಿ ಮಾಡ್ಸಿ ನಮ್ಮ ಕೂಸು ಜ್ವರ ಬಂದು ಮಲಗಿತ್ತು. ಅದು ಸುಳ್ಳೇ ಹೋತಂತೀರೇನ್ರಿ? ಥಂಡಿಗಿ ಎಲ್ಲ್ಯಾರ ಔಷಧ ಕೆಡ್ತದೇನು? ಬಿಸಲಿಗಿ ಕೆಡ್ತದ ಅಂದ್ರ ನಂಬಬಹುದು” ಎಂದರು.

ಇನ್ನೊಬ್ಬಾಕೆ ಅಕ್ಕನ ಕಡೆ ತಿರುಗಿ, “ನಿನ್ನ ಮಾತ್ ಕೇಳಿ ಬಂದೇವಲ್ಲ ಬೇ” ಎಂದಳು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಸಾಹೇಬರು ವಾದ ಮಾಡಲಿಲ್ಲ. ಖಾಜಾಸಾಬರ ಪೆಟ್ಟಿಗೆಯಿಂದ ಒಂದು ಬಾಟಲಿ, ನಾವು ತಂದ ಡಬ್ಬಿಯಿಂದ ಒಂದು ಬಾಟಲಿ ತೆಗೆದರು. ಎರಡನ್ನೂ ಎಲ್ಲರೆದುರು ಚೆನ್ನಾಗಿ ಅಲ್ಲಾಡಿಸಿದರು. ಎರಡೂ ಒಂದೇ ತರಹ ಬೆಳ್ಳಗೆ ಕದಡಿದ ನೀರಾದವು. ಅವನ್ನು ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು, “ಯಾರೂ ಮುಟ್ಟಬ್ಯಾಡ್ರಿ. ಒಂದೀಟು ಹೊತ್ತು ಕೂಡೋಣ. ನಿಮ್ಮ ಕಣ್ಣಿಲೆ ನೀವ ನೋಡ್ರಿ” ಎಂದು ತಾವೂ ನೆಲದ ಮೇಲೆ ಕೂತುಬಿಟ್ಟರು.

ಎಲ್ಲರೂ ಕೂತೆವು. ಯಾರದೋ ಮನೆಯಿಂದ ಚಹಾ ಬಂತು. ಎರಡೂ ಬಾಟಲಿ ಹಾಗೇ ಬೆಳ್ಳಗೆ ಉಳಿದುಬಿಟ್ಟರೆ ಏನು ಗತಿ ಎಂದು ಒಳಗೊಳಗೇ ಯೋಚನೆ. ಸ್ವಲ್ಪ ಹೊತ್ತಿಗೆ ಒಂದು ಬಾಟಲಿಯಲ್ಲಿ ಸಣ್ಣ ಸಣ್ಣ ಕಣಗಳು ಇಳಿಯತೊಡಗಿದವು. ನೋಡನೋಡುತ್ತ ಮೇಲೆ ತಿಳಿನೀರು, ತಳದಲ್ಲಿ ಗಸಿ. ಇನ್ನೊಂದು ಇಟ್ಟಾಗ ಹೇಗಿತ್ತೋ ಹಾಗೇ ಇತ್ತು.

ಬಸಮ್ಮ ಬಗ್ಗಿ ಎರಡನ್ನೂ ನೋಡಿದರು. ಗಸಿ ಇಳಿದ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. “ಒಡದ ಹಾಲಿನಂಗ ಆಗ್ಯದಲ್ಲ ಇದು” ಎಂದರು. ಬಾಟಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಗುಲ್ಲು ತಾನಾಗಿ ಇಳಿಯಿತು.

“ಇದನ್ನ ಹಿಡದವ್ರು ಯಾರ್ರಿ?” ಎಂದು ಬಸಮ್ಮ ಕೇಳಿದರು.

ಸಾಹೇಬರು ನನ್ನ ಕಡೆ ಕೈ ತೋರಿಸಿದರು. “ಇವ್ರು. ಇವತ್ತ ಮುಂಜಾನಿ ಹಿಡದಾರ. ನಮ್ಮ ಕಣ್ಣಿಗಿ ಯಾರಿಗೂ ಬಿದ್ದಿದ್ದಿಲ್ಲ.”

ಬಸಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭಾನುವಾರ ಬಂದು ರೊಟ್ಟಿ ತಿಂದುಹೋಗುವ ಸೊಸೆಯ ತಂಗಿ ಎಂದಷ್ಟೇ ಅವರಿಗೆ ನನ್ನ ಪರಿಚಯ.

“ನೀ ಸುಮ್ಮನಿದ್ದಿದ್ರ ನಮಗ್ಯಾರಿಗೂ ಗೊತ್ತಾಗ್ತಿದ್ದಿಲ್ಲ” ಎಂದರು.

“ಹೌದ್ರಿ ಅತ್ತಿ.”

“ಬೈಸ್ಕೊಳ್ಳೋದೂ ತಪ್ಪತಿತ್ತು.”

“ಹೌದ್ರಿ.”

“ಆದ್ರೂ ಹೇಳಾಕ ಬಂದೀದಿ” ಎಂದವರೇ, ಮೊಮ್ಮಗಳನ್ನು ಒಯ್ದು ರತ್ನಾಬಾಯಿಯ ತೊಡೆಯ ಮೇಲೆ ಮಲಗಿಸಿದರು. “ಮೊದಲ ನಮ್ಮ ಕೂಸಿಗಿ ಮಾಡ್ರಿ. ಆ ಹೊಸ ಬಾಟ್ಲಿದು.”

ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೂಸುಗಳ ಅಳು ಇಡೀ ಊರಿಗೆ ಕೇಳುತ್ತಿತ್ತು. ಅಷ್ಟು ಇಂಪಾದ ಗದ್ದಲವನ್ನು ನಾನು ಮತ್ತೆ ಕೇಳಿಲ್ಲ. ಅಕ್ಕ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ಇಬ್ಬರ ಕಣ್ಣಲ್ಲೂ ನೀರಿತ್ತು, ಹೆಮ್ಮೆಯ ನೀರು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಖಾಜಾಸಾಬರು ಮಾತ್ರ ಬೇವಿನ ಬುಡದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಸಾಹೇಬರು ಹೋಗಿ ಪಕ್ಕದಲ್ಲೇ ಕೂತರು.

“ಹಗಲೆಲ್ಲ ಕರೆಂಟ್ ಇರಂಗಿಲ್ರಿ ಸಾಬ್. ರಾತ್ರಿ ಬಂದಾಗ ಫ್ರಿಜ್ಜಿನ ಗುಂಡಿ ಪೂರಾ ತಿರುಗಿಸಿ ಇಡ್ತಿದ್ದೆ. ರಾತ್ರಿ ಜಮಾ ಮಾಡಿದ ಥಂಡಿ ಹಗಲಿಗಿ ಸಾಲತದ ಅಂತ” ಎಂದರು ಖಾಜಾಸಾಬರು.

ಬೆಳಗಿನ ಅಂಕಿಗಳಷ್ಟೇ ಯಾಕೆ ಇಳಿಯುತ್ತಿದ್ದವು ಎಂಬುದು ಆಗ ತಿಳಿಯಿತು. ನಮ್ಮ ಭಾಗದಲ್ಲಿ ಬೇಸಿಗೆ ಕಂಡ ಯಾರೇ ಆಗಲಿ ಹಾಗೇ ಮಾಡುತ್ತಿದ್ದರು. ಅಲ್ಲಿ ತಂಪಿನಿಂದ ಕೆಡುಕಾಗುತ್ತದೆ ಎಂದು ಯಾರ ತಲೆಗೆ ಹೊಳೆದೀತು? ಸಾಹೇಬರು ಬೈಯಲಿಲ್ಲ. “ನೀವ್ ಬರದಿದ್ದು ಒಂದೂ ಸುಳ್ಳಿಲ್ಲ ಖಾಜಾಸಾಬ್. ನೀವ್ ಖರೇ ಬರದೀರಿ ಅಂತ ಈ ತಪ್ಪು ಸಿಕ್ತು. ಅದನ್ನ ನೋಡಿ ಶಾಭಾಸ್ ಅಂದಾಂವ ನಾನು” ಎಂದರು. ಮರುದಿನ ಖಾಲಿ ಸಲೈನ್ ಬಾಟಲಿಗಳಲ್ಲಿ ನೀರು ತುಂಬಿ ಫ್ರಿಜ್ಜಿನ ತಳದಲ್ಲಿ ಸಾಲಾಗಿ ಜೋಡಿಸಲು ಹೇಳಿಕೊಟ್ಟರು. ಆ ನೀರು ತಂಪು ಹಿಡಿದಿಟ್ಟುಕೊಳ್ಳುತ್ತದೆ, ಗುಂಡಿಯನ್ನು ಪೂರಾ ತಿರುಗಿಸುವ ಕೆಲಸವಿಲ್ಲ. ಆ ಕೇಂದ್ರದಿಂದ ಔಷಧ ಹೋಗುವ ಬೇರೆ ಹಳ್ಳಿಗಳಲ್ಲೂ ಮತ್ತೆ ಇಂಜೆಕ್ಷನ್ನು ಹಾಕಿಸಿದರು. ಪ್ರತಿ ಕಡೆಯೂ ಮೊದಲು ಎರಡು ಬಾಟಲಿ ಅಲ್ಲಾಡಿಸಿ ತೋರಿಸಿದರು.

ಜಿಲ್ಲಾ ಮೀಟಿಂಗಿಗೆ ಸಾಹೇಬರು ಅದೇ ತಖ್ತೆಯನ್ನು ಒಯ್ದರು, ನನ್ನನ್ನೂ ಕರೆದೊಯ್ದರು. ನೀಲಿ ಹಚ್ಚದ ಹಾಳೆ ತೋರಿಸಿ ಢಾಲು ತರಬಹುದಿತ್ತು. ನಮ್ಮ ಹಾಳೆ ಕೆಂಪು, ನೀಲಿ ತುಂಬಿಕೊಂಡು ಗೋಡೆಯ ಮೇಲೆ ತೂಗುತ್ತಿತ್ತು. ದೊಡ್ಡ ಅಧಿಕಾರಿಗಳು ಇದೇನು ನೀಲಿ ಎಂದು ಕೇಳಿದರು. “ನಮ್ಮ ಬಾಯಾರ ಹೇಳ್ತಾರ್ರಿ” ಎಂದು ಸಾಹೇಬರು ಕುಳಿತುಬಿಟ್ಟರು. ಕೋಣೆ ತುಂಬ ಡಾಕ್ಟರುಗಳು. ಎದ್ದು ನಿಂತೆ. ಎಲ್ಲರೂ ದೂರುತ್ತಿದ್ದ ನಾಲಿಗೆ ಅವತ್ತು ಕೆಲಸಕ್ಕೆ ಬಂತು. ಮೇಲೆ ದಾಟಿದರೆ ಕೆಂಪು, ಕೆಳಗೆ ಇಳಿದರೆ ನೀಲಿ, ನಡುವೆ ಇದ್ದರೆ ಮಾತ್ರ ಬಿಳಿ ಎಂದು ಹೇಳಿದೆ. ಇಜೇರಿಯಲ್ಲಿ ನಡೆದದ್ದನ್ನೂ ಹೇಳಿದೆ. ಆಳಂದ, ಅಫಜಲಪುರದಿಂದ ಬಂದವರು ಬರೆದುಕೊಳ್ಳುತ್ತಿದ್ದುದು ಕಂಡಿತು. ಢಾಲು ಬೇರೆಯವರ ಪಾಲಾಯಿತು. ಖಾಜಾಸಾಬರು ಹೊಸ ಅಂಗಿಯನ್ನು ರಂಜಾನಿಗೆ ತೊಟ್ಟು, ನನಗೆ ಹಾಲು ಶಾವಿಗೆಯ ಸುರಕುಂಬಾ ತಂದುಕೊಟ್ಟರು. ಆಮೇಲಿನ ತಿಂಗಳುಗಳಲ್ಲಿ ಅವರ ಕಾಲಮ್ಮು ಮತ್ತೆ ಬೆಳ್ಳಗಾಯಿತು, ಈ ಸಲ ನಿಜವಾದ ಬಿಳುಪು.

ಇದಾಗಿ ಎಷ್ಟೋ ವರ್ಷಗಳ ಮೇಲೆ, ಮದುವೆಯಾಗಿ, ಬೇರೆ ಊರಿಗೆ ವರ್ಗವಾಗಿ, ಒಮ್ಮೆ ತವರಿಗೆಂದು ಆಳಂದಕ್ಕೆ ಬಂದಿದ್ದೆ. ಅವ್ವನ ಕಾಲುನೋವಿಗೆ ಅಲ್ಲಿಯ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅವ್ವನನ್ನು ಒಳಗೆ ಕಳಿಸಿ ಪಡಸಾಲೆಯಲ್ಲಿ ಕುಳಿತೆ. ಎದುರಿನ ಗೋಡೆಗೆ ಒಂದು ತಖ್ತೆ ಹೊಡೆದಿದ್ದರು. ಅಲ್ಲಲ್ಲಿ ಕೆಂಪು, ಎರಡು ಕಡೆ ನೀಲಿ. ಬೇರೆ ಯಾರದೋ ಕೈಬರಹ. ಅಲ್ಲಿ ಕೆಲಸದಲ್ಲಿದ್ದ ನರ್ಸು ನನಗಿಂತ ಚಿಕ್ಕವಳು, ನನ್ನ ಪರಿಚಯ ಅವಳಿಗಿರಲಿಲ್ಲ. ಏನೂ ತಿಳಿಯದವಳ ಹಾಗೆ ಕೇಳಿದೆ.

“ಅಲ್ಲಿ ನೀಲಿ ಯಾಕ ಹಚ್ಚ್ಯಾರ್ರಿ?”

“ಥಂಡಿ ಹೆಚ್ಚಾದ್ರ ನೀಲಿ ಹಚ್ಚಬೇಕ್ರಿ. ಔಷಧ ಥಂಡಿಗೂ ಕೆಡ್ತದ, ಗೊತ್ತಿಲ್ಲೇನ್ರಿ ನಿಮಗ?” ಎಂದು ಆಕೆ ತಾಳ್ಮೆಯಿಂದ ತಿಳಿಸಿ ಹೇಳಿದಳು.

“ಹಿಂಗ ಹಚ್ಚೂದು ಯಾರ್ ಕಲಸಿದ್ರು?”

ಆಕೆ ನಕ್ಕಳು. “ಯಾರ್ ಕಲಸೋದ್ರಿ ಇದಕ್ಕ? ಇದು ಮೊದಲಿಂದೂ ಹಿಂಗೇ ಅದ.”

ನಾನು ಹೌದೇನು ಎಂದು ಸುಮ್ಮನಾದೆ. ಹರಿತ ನಾಲಿಗೆಯವಳು ಸುಮ್ಮನಾಗುವುದು ಸುಲಭವಲ್ಲ, ಅವ್ವ ಅಲ್ಲೇ ಪಕ್ಕದಲ್ಲಿದ್ದಿದ್ದರೆ ಬೆರಗಾಗುತ್ತಿದ್ದಳು. ಅವಳು ಹೊರಗೆ ಬಂದು ಯಾಕೆ ಒಬ್ಬಳೇ ನಗುತ್ತಿದ್ದೀ ಎಂದು ಕೇಳಿದಾಗ ಏನೂ ಇಲ್ಲ ಎಂದು ಅವಳ ಕೈ ಹಿಡಿದು ಮೆಟ್ಟಿಲಿಳಿಸಿದೆ. ಜಿಲ್ಲಾ ಮೀಟಿಂಗಿನಲ್ಲಿ ಸಿಗದ ಢಾಲು ನನಗೆ ಅವತ್ತು ಆಳಂದದ ಪಡಸಾಲೆಯಲ್ಲಿ ಸಿಕ್ಕಿತ್ತು.